ಕ್ಲಚ್ ಹೊಸದು, ನಡುಕವೂ ಹೊಸದು: ಗೇರ್‌ಬಾಕ್ಸ್ ಮತ್ತೆ ಇಳಿಸುವ ಮೊದಲು ಏನೇನು ನೋಡಬೇಕು

ನವಿ ಮುಂಬೈಯ ಕಳಂಬೋಲಿಯಲ್ಲಿ ಸ್ಟೀಲ್ ಮಾರ್ಕೆಟ್ ಹತ್ತಿರ ನನ್ನ ಲಾರಿ ನಿಲ್ಲಿಸಿ ಟೈರ್ ನೋಡುತ್ತಿದ್ದೆ. ಇಂಡಿ ಕಡೆಯ ಹುಡುಗನೊಬ್ಬ ಬಂದು ಪಕ್ಕದಲ್ಲಿ ನಿಂತ.

"ಕಾಕಾ, ನಿನ್ನೆ ಕ್ಲಚ್ ಹಾಕ್ಸೀನ್ರಿ. ಈಗ ಐವತ್ತೈದು ದಾಟಿದ್ರ ಸಾಕು, ಸೀಟೆಲ್ಲಾ ಗುಂಯ್ ಅಂತೈತಿ. ಮಿಸ್ತ್ರಿ ಮತ್ತ ಗೇರ್‌ಬಾಕ್ಸ್ ಇಳಸ್ತೀನಿ ಅನ್ನಾಕತ್ಯಾನ. ಏನ್ ಮಾಡ್ಲಿ?"

"ತಡಿಯೋ, ಅವ ಪಾನಾ ಹಿಡಿಯೂದಕ್ಕಿಂತ ಮೊದ್ಲ ನಾವಿಬ್ರೂ ಒಂದು ರೌಂಡ್ ಹೋಗಿ ಬರೂಣು," ಅಂದೆ.

ಈ 'ತಡಿ' ಅನ್ನುವ ಮಾತನ್ನು ನಾನು ದುಡ್ಡು ಕೊಟ್ಟು ಕಲಿತಿದ್ದು. ಕೆಲವು ವರ್ಷದ ಹಿಂದೆ ಖಂಬಾಟಕಿ ಘಾಟ್ ಹತ್ತುವಾಗ ನನ್ನ ಗಾಡಿಯ ಕ್ಲಚ್ ಸುಟ್ಟಿತ್ತು. ಹೈವೇ ಪಕ್ಕದ ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್, ಅದನ್ನು ಫ್ಲೈವೀಲಿಗೆ (ಎಂಜಿನ್ ಹಿಂದೆ ತಿರುಗುವ ಭಾರಿ ಚಕ್ರ) ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಎಲ್ಲಾ ಹೊಸದು ಹಾಕಿಸಿದೆ. ಹೊರಟ ಮೇಲೆ ನಡುಕ ಶುರು. ವಾಪಸ್ ಹೋದೆ. ಗೇರ್‌ಬಾಕ್ಸ್ ಇಳಿಸಿದರು, ನೋಡಿದರು, ಏರಿಸಿದರು. ನಡುಕ ಹಾಗೇ ಇತ್ತು. ಮತ್ತೆ ಇಳಿಸಿದರು. ಪ್ಲೇಟೇ ಖರಾಬ್ ಅಂತ ಇನ್ನೊಂದು ತರಿಸಿದರು. ಮೂರು ದಿನ ಗಾಡಿ ನಿಂತಿತು. ಕೊನೆಗೆ ನೋಡಿದರೆ ಕ್ಲಚ್ಚಿನಲ್ಲಿ ಏನೂ ಇರಲಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೂಡಿಸುವಾಗ ಅದರ ಸ್ಲಿಪ್ ಜಾಯಿಂಟ್ (ಒಳಗೆ ಹೊರಗೆ ಜಾರುವ ಹಲ್ಲಿನ ಜೋಡಣೆ) ಒಂದು ಹಲ್ಲು ತಪ್ಪಿ ಕೂತಿತ್ತು, ಅಷ್ಟೇ. ಸರಿ ಮಾಡೋಕೆ ಅರ್ಧ ಗಂಟೆ ಸಾಕಾಯಿತು.

ಅವತ್ತಿನಿಂದ ನನ್ನ ಲೆಕ್ಕ ಹೀಗೆ. ಕ್ಲಚ್ ಹಾಕಿದ ಮೇಲೆ ನಡುಕ ಬಂದರೆ ಮೊದಲ ಅನುಮಾನ ಕ್ಲಚ್ ಮೇಲಲ್ಲ, ಕ್ಲಚ್ ತಲುಪಲು ದಾರಿಯಲ್ಲಿ ಬಿಚ್ಚಿದ ಸಾಮಾನಿನ ಮೇಲೆ. ಶಾಫ್ಟ್, ಅದನ್ನು ನಡುವೆ ಹಿಡಿಯುವ ಸೆಂಟರ್ ಬೇರಿಂಗ್, ಎಂಜಿನ್ ಕೂರುವ ರಬ್ಬರಿನ ಮೌಂಟಿಂಗ್, ಸೈಲೆನ್ಸರ್ ಪೈಪ್, ಗೇರ್ ಲಿಂಕೇಜ್ ಇವೆಲ್ಲ ಹೊರಗೇ ಕಾಣುತ್ತವೆ, ಕೈಗೆ ಸಿಗುತ್ತವೆ. ನೋಡೋಕೆ ಖರ್ಚಿಲ್ಲ. ಗೇರ್‌ಬಾಕ್ಸ್ ಇಳಿಸೋದು ಯಾವಾಗಲೂ ಕೊನೆಗೆ.

ಮೊದಲು ಮೂರು ಪ್ರಶ್ನೆ

ಈ ನಡುಕ ಕ್ಲಚ್ ಹಾಕಿಸುವ ಮೊದಲೂ ಇತ್ತಾ? ನಿಜವಾಗಿ ಯೋಚಿಸಿ. ಹಳೆ ಕ್ಲಚ್ ಜಾರುತ್ತಿದ್ದಾಗ ಎಷ್ಟೋ ದಿನ ನಾವು ಗಾಡಿಯನ್ನು ಎಳೆದೇ ಇರುವುದಿಲ್ಲ. ಹೊಸ ಕ್ಲಚ್ ಬಂದ ಮೇಲೆ ವೇಗ ಹಿಡಿಯುತ್ತೇವೆ, ಆಗ ಟೈರಿನ ಹಳೆ ತೊಂದರೆ ಹೊಸದಾಗಿ ಕಾಣುತ್ತದೆ.

ಎರಡನೇದು, ನಡುಕ ಯಾವಾಗ ಬರುತ್ತದೆ? ನಿಂತಲ್ಲೇ ಎಂಜಿನ್ ಏರಿಸಿದಾಗಲಾ, ಕ್ಲಚ್ ಬಿಟ್ಟು ಗಾಡಿ ಎಳೆಯುವಾಗಲಾ, ಓಡುವಾಗ ಒಂದು ವೇಗದಲ್ಲಾ? ಈ ಮೂರೂ ಬೇರೆ ಬೇರೆ ರೋಗ. ಮೂರನ್ನೂ 'ವೈಬ್ರೇಷನ್' ಅಂತ ಒಂದೇ ಮಾತಿನಲ್ಲಿ ಹೇಳಿದರೆ ಮಿಸ್ತ್ರಿಗೂ ತಲೆಬುಡ ಗೊತ್ತಾಗುವುದಿಲ್ಲ.

ಮೂರನೇದು, ಕ್ಲಚ್ ಜೊತೆ ಇನ್ನೇನು ಮಾಡಿಸಿದಿರಿ? ಫ್ಲೈವೀಲನ್ನು ಲೇತ್‌ಗೆ ಕೊಟ್ಟಿದ್ದರಾ? ಪ್ರೆಷರ್ ಪ್ಲೇಟ್ ಹೊಸದಾ, ರಿಪೇರಿ ಮಾಡಿದ್ದಾ? ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಬದಲಿಸಿದರಾ? ಬಿಲ್ಲಿನಲ್ಲಿ ನೋಡಿ, ಇಲ್ಲದಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಿಂತಲ್ಲೇ ಪರೀಕ್ಷೆ

ಸಪಾಟು ಜಾಗದಲ್ಲಿ ನಿಲ್ಲಿಸಿ. ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಡಿ. ಬ್ರೇಕಿನ ಏರ್ ತುಂಬಲಿ, ಎಂಜಿನ್ ಬಿಸಿಯಾಗಲಿ. ಗಾಡಿ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಡ್ಯಾಶ್‌ಬೋರ್ಡ್ ಮೇಲೆ ಅರ್ಧ ನೀರಿರುವ ಬಾಟಲಿ ಇಡಿ. ಕೈಗೆ ತಿಳಿಯದ ನಡುಕ ನೀರಿಗೆ ತಿಳಿಯುತ್ತದೆ.

ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಏರಿಸಿ. 600, 1,000, 1,400, 1,800. ಎಲ್ಲಿ ನೀರು ಜಾಸ್ತಿ ಕುಣಿಯುತ್ತದೆ ನೋಡಿ.

ಐಡಲ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗಲೇ, ಗಡಗಡ ನಡುಗಿ, ಏರಿಸಿದಂತೆ ಶಾಂತವಾದರೆ ಅದು ಬ್ಯಾಲೆನ್ಸ್ ತೊಂದರೆ ಅಲ್ಲ. ಎಂಜಿನ್ ಮೌಂಟಿಂಗ್ ನೋಡಿ, ಇಲ್ಲವೇ ಒಂದು ಸಿಲಿಂಡರ್ ಸರಿಯಾಗಿ ಹೊಡೆಯುತ್ತಿಲ್ಲ. ಕೆಲವು ಕಾಮನ್ ರೈಲ್ (ಕಂಪ್ಯೂಟರ್ ನಡೆಸುವ ಡೀಸೆಲ್) ಎಂಜಿನ್‌ಗಳಲ್ಲಿ ಸ್ಪೀಡ್ ಸೆನ್ಸರ್ ಫ್ಲೈವೀಲ್ ಹೌಸಿಂಗ್ ಮೇಲೇ ಇರುತ್ತದೆ. ಗೇರ್‌ಬಾಕ್ಸ್ ಇಳಿಸುವಾಗ ಅದಕ್ಕೆ ಪೆಟ್ಟು ಬಿದ್ದರೆ, ಅದರ ವೈರ್ ಎಳೆದುಕೊಂಡರೆ, ಎಂಜಿನ್ ಒರಟಾಗಿ ಓಡಬಹುದು. ಸೆನ್ಸರ್ ಇರುವ ಗಾಡಿಯಾದರೆ ಆ ಕನೆಕ್ಟರ್ ಒಮ್ಮೆ ತೆಗೆದು ಹಾಕಿ ನೋಡಿ.

ಐಡಲ್‌ನಲ್ಲಿ ಏನೂ ಇಲ್ಲ, ಏರಿಸಿದಂತೆ ಜಾಸ್ತಿಯಾಗುತ್ತದೆ ಅಂದರೆ ತಿರುಗುವ ಯಾವುದೋ ಸಾಮಾನು ಒಂದು ಕಡೆ ಭಾರ. ಇದರ ಲೆಕ್ಕ ಮಜಾ ಇದೆ. ವೇಗ ಎರಡು ಪಟ್ಟಾದರೆ ನಡುಗಿಸುವ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಪ್ರೆಷರ್ ಪ್ಲೇಟಿನಲ್ಲಿ ಮಧ್ಯದಿಂದ 17 ಸೆಂ.ಮೀ. ದೂರದಲ್ಲಿ ಬರೀ 50 ಗ್ರಾಂ ಹೆಚ್ಚು ಭಾರ ಇದೆ ಅಂದುಕೊಳ್ಳಿ. 600 ಆರ್‌ಪಿಎಂನಲ್ಲಿ ಅದು ಸುಮಾರು ಮೂರೂವರೆ ಕೆ.ಜಿ. ತೂಕದಷ್ಟು ಎಳೆಯುತ್ತದೆ. 1,800ರಲ್ಲಿ 30 ಕೆ.ಜಿ.ಯಷ್ಟು! ಅದಕ್ಕೇ ಗ್ಯಾರೇಜಿನಲ್ಲಿ ಐಡಲ್ ಮೇಲೆ ನಿಲ್ಲಿಸಿ "ದೇಖೋ, ಏಕದಮ್ ಸ್ಮೂತ್" ಅಂದರೆ ಒಪ್ಪಬೇಡಿ.

ಈಗ ಪೆಡಲ್. ನಡುಕ ಬರುವ ಆರ್‌ಪಿಎಂ ಎಷ್ಟು ಅಂತ ನೆನಪಿಡಿ. ಐಡಲ್‌ಗೆ ತಂದು ಕ್ಲಚ್ ಪೂರ್ತಿ ಒತ್ತಿ, ಬ್ರೇಕ್ ಒತ್ತಿಕೊಂಡೇ ಗೇರ್ ಹಾಕಿ. ಗೇರ್ ಯಾಕೆ ಅಂದರೆ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದರೂ ಪ್ಲೇಟ್ ಸ್ವಲ್ಪ ಹೊತ್ತು ಸುಮ್ನೆ ತಿರುಗುತ್ತಿರುತ್ತದೆ. ಗೇರ್ ಬಿದ್ದರೆ ಪ್ಲೇಟೂ ಇನ್‌ಪುಟ್ ಶಾಫ್ಟೂ ಪೂರ್ತಿ ನಿಲ್ಲುತ್ತವೆ. ಕ್ಲಚ್ ಒತ್ತಿದಂತೆಯೇ ಅದೇ ಆರ್‌ಪಿಎಂಗೆ ಏರಿಸಿ. ಕಾಲು ಜಾರಿದರೆ ಗಾಡಿ ಮುಂದೆ ಹಾರುತ್ತದೆ, ಆದ್ದರಿಂದ ಅಡ್ಡ ಇಡದೆ ಈ ಕೆಲಸ ಬೇಡ.

ಈಗಲೂ ನಡುಕ ಹಾಗೇ ಇದ್ದರೆ ತೊಂದರೆ ಎಂಜಿನ್ ಜೊತೆ ತಿರುಗುವ ಸಾಮಾನಿನಲ್ಲಿದೆ, ಅಂದರೆ ಫ್ಲೈವೀಲ್ ಅಥವಾ ಪ್ರೆಷರ್ ಪ್ಲೇಟ್. ನಡುಕ ಹೋಯಿತು ಅಂದರೆ ಪ್ಲೇಟ್, ಪೈಲಟ್ ಬೇರಿಂಗ್, ಇನ್‌ಪುಟ್ ಶಾಫ್ಟ್ ಕಡೆ ನೋಡಬೇಕು. ಪೆಡಲ್ ಮೇಲೆ ಕಾಲು ಇಟ್ಟ ಕೂಡಲೇ ಕಿರ್ ಅನ್ನುವ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್.

ನಿಂತಲ್ಲಿ ಎಷ್ಟು ಏರಿಸಿದರೂ ಏನೂ ಇಲ್ಲ ಅಂದರೆ ಖುಷಿಪಡಿ. ಗೇರ್‌ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ರಸ್ತೆ ಮೇಲೆ ಪರೀಕ್ಷೆ

ಇಂಡಿ ಹುಡುಗನ ಗಾಡಿ ನಿಂತಲ್ಲಿ ತಣ್ಣಗಿತ್ತು. ಬೆಳಗಿನ ಜಾವ ಪನವೇಲ್ ದಾಟಿ ಸಪಾಟು ರಸ್ತೆ ಹಿಡಿದೆವು. ಬೋರ್ ಘಾಟ್ ಕಡೆ ಹೋಗಲಿಲ್ಲ, ನೀವೂ ಹೋಗಬೇಡಿ. ಇಳಿಜಾರಿನಲ್ಲಿ ಇಂಥ ಪ್ರಯೋಗ ಮಾಡುವುದು ಹುಚ್ಚು.

ಸುಲಭದ ಪರೀಕ್ಷೆ ಗೇರ್ ಬದಲಿಸೋದು. ನಡುಕ ಬರುವ ವೇಗ ಹಿಡಿಯಿರಿ, ಆರ್‌ಪಿಎಂ ನೋಡಿ. ಈಗ ಅದೇ ವೇಗದಲ್ಲಿ ಮೇಲಿನ ಅಥವಾ ಕೆಳಗಿನ ಗೇರ್‌ಗೆ ಹಾಕಿ. ಉದಾಹರಣೆಗೆ ಒಂದು ಗೇರ್‌ನಲ್ಲಿ ಮುಳ್ಳು 1,800ರಲ್ಲಿದ್ದರೆ ಮೇಲಿನ ಗೇರ್‌ನಲ್ಲಿ 1,350ರ ಹತ್ತಿರ ಬರುತ್ತದೆ. ಗಾಡಿಯ ವೇಗ ಅದೇ, ಎಂಜಿನ್ ವೇಗ ಬೇರೆ. ನಡುಕ ಉಳಿದರೆ ಅದು ಶಾಫ್ಟ್ ಅಥವಾ ಚಕ್ರದ್ದು. ಹೋದರೆ ಎಂಜಿನ್, ಕ್ಲಚ್ ಕಡೆಯದು.

ಶಾಫ್ಟಾ ಚಕ್ರಾನಾ ಅಂತ ಹೇಗೆ ಗೊತ್ತಾಗಬೇಕು? ಎಣಿಸಿ ನೋಡಿ. ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ 1,000 ಮೀಟರ್. 10.00-20 ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತದೆ. ಹಾಗಾದರೆ ಚಕ್ರ ನಿಮಿಷಕ್ಕೆ 310 ಸುತ್ತು, ಸೆಕೆಂಡಿಗೆ ಐದು ಚಿಲ್ಲರೆ. ಹಿಂದಿನ ಆಕ್ಸಲ್ ರೇಷಿಯೋ 6 ಇದ್ದರೆ ಶಾಫ್ಟ್ ಅದರ ಆರು ಪಟ್ಟು, ಸೆಕೆಂಡಿಗೆ 31 ಸುತ್ತು. ಚಕ್ರದ ನಡುಕವನ್ನು ಮೈ ಎಣಿಸಬಲ್ಲದು, ದಡ್ ದಡ್ ದಡ್ ಅಂತ ಗಾಡಿ ಕುಲುಕುತ್ತದೆ. ಮುಂದಿನ ಚಕ್ರದ್ದಾದರೆ ಸ್ಟೇರಿಂಗ್ ಅಲ್ಲಾಡುತ್ತದೆ. ಶಾಫ್ಟಿನ ನಡುಕವನ್ನು ಎಣಿಸೋಕೆ ಆಗುವುದಿಲ್ಲ. ಅದು ದುಂಬಿಯ ಹಾಗೆ ಗುಂಯ್ ಅನ್ನುತ್ತದೆ, ಕಾಲಡಿಯ ತಗಡು, ಸೀಟು, ಗೇರ್ ಲಿವರ್‌ಗೆ ಬರುತ್ತದೆ.

ಹುಡುಗನಿಗೆ "ಎಣಿಸು ನೋಡೂಣು" ಅಂದೆ. ಎರಡು ಸಲ ಬಾಯಿ ತೆರೆದು ಮುಚ್ಚಿದ. "ಎಣಿಸಾಕ ಬರಂಗಿಲ್ರಿ ಕಾಕಾ, ಬರೇ ಗುಂಯ್ ಅಂತೈತಿ." ಗೇರ್ ಬದಲಿಸಿದರೂ ಅದೇ ವೇಗದಲ್ಲಿ ಅದೇ ಗುಂಯ್. ಇನ್ನೇನು ಬೇಕು?

ನ್ಯೂಟ್ರಲ್‌ಗೆ ಹಾಕಿ ಉರುಳಿಸಿ ನೋಡುವ ಪದ್ಧತಿಯೂ ಇದೆ. ಖಾಲಿ ಸಪಾಟು ರಸ್ತೆಯಲ್ಲಿ, ಎಂಜಿನ್ ಚಾಲೂ ಇಟ್ಟು, ನಾಲ್ಕೈದು ಸೆಕೆಂಡು ಮಾತ್ರ. ಗೇರ್ ಬದಲಿಸಿ ಉತ್ತರ ಸಿಕ್ಕಿದ್ದರೆ ಇದರ ಗೊಡವೆ ಬೇಡ.

ಇನ್ನೊಂದು ಮಾತು. ಖಾಲಿ ಗಾಡಿಯಲ್ಲಿ ನಡುಕ, ಲೋಡ್ ಹಾಕಿದರೆ ಇಲ್ಲ, ಅಥವಾ ಅದರ ಉಲ್ಟಾ ಇದ್ದರೆ ಶಾಫ್ಟ್ ಮೇಲೆ ಅನುಮಾನ ಗಟ್ಟಿ. ಲೋಡ್ ಬಿದ್ದಾಗ ಪಾಟಾ (ಸ್ಪ್ರಿಂಗ್ ಪಟ್ಟಿ) ಕುಸಿದು ಶಾಫ್ಟಿನ ಕೋನ ಬದಲಾಗುತ್ತದೆ ಅಲ್ವಾ, ಅದಕ್ಕೆ.

ಗಾಡಿ ಕೆಳಗೆ ಹೋಗುವ ಕೆಲಸ

ಎಂಜಿನ್ ಬಂದ್, ಚಾವಿ ನಿಮ್ಮ ಜೇಬಿನಲ್ಲಿ, ಚಕ್ರಕ್ಕೆ ಅಡ್ಡ. ಶಾಫ್ಟ್ ಬಿಚ್ಚಿದ ಮೇಲೆ ಗೇರ್‌ನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ, ಉರುಳುತ್ತದೆ. ಇದನ್ನು ಮರೆತವರು ಬಹಳ ಜನ.

ಮೊದಲು ಸ್ಲಿಪ್ ಜಾಯಿಂಟ್. ಶಾಫ್ಟಿನ ತುದಿಯಲ್ಲಿ ಕ್ರಾಸ್ (ಪ್ಲಸ್ ಆಕಾರದ ತುಂಡು) ಹಿಡಿಯುವ ಎರಡು ಕಿವಿಗಳು ಇರುತ್ತವಲ್ಲ, ಅದು ಯೋಕ್. ಶಾಫ್ಟ್ ಬಾಗಿದ ಕೋನದಲ್ಲಿ ತಿರುಗುವಾಗ ಒಂದೊಂದು ಕ್ರಾಸೂ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ, ಎರಡು ಸಲ ಕಮ್ಮಿ ಮಾಡುತ್ತದೆ. ಒಂದು ತುದಿಯ ಕ್ರಾಸ್ ಮಾಡಿದ ಏರಿಳಿತವನ್ನು ಇನ್ನೊಂದು ತುದಿಯದು ಸರಿದೂಗಿಸಬೇಕು. ಹಾಗಾಗಬೇಕಾದರೆ ಎರಡು ತುದಿಯ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಒಂದು ಹಲ್ಲು ತಪ್ಪಿ ಕೂಡಿಸಿದರೆ ಲೆಕ್ಕ ಹರಿಯುವುದಿಲ್ಲ, ಉಳಿದದ್ದು ನಡುಕವಾಗಿ ನಿಮ್ಮ ಸೀಟಿಗೆ ಬರುತ್ತದೆ.

ಶಾಫ್ಟಿನ ಮೇಲೆ ಕಂಪನಿಯವರು ಕೊಟ್ಟ ಎರಡು ಬಾಣದ ಗುರುತು ಇರುತ್ತದೆ. ಒಂದು ಟ್ಯೂಬ್ ಕಡೆ, ಒಂದು ಸ್ಲಿಪ್ ಯೋಕ್ ಕಡೆ. ಅವು ಎದುರುಬದುರು ಇರಬೇಕು. ಗ್ರೀಸ್, ಮಣ್ಣು, ಹತ್ತು ವರ್ಷದ ಪೇಂಟ್ ಕೆಳಗೆ ಅವು ಅಡಗಿರುತ್ತವೆ. ಡೀಸೆಲ್ ಬಟ್ಟೆಯಲ್ಲಿ ಉಜ್ಜಿ ಹುಡುಕಿ. ಸಿಗಲಿಲ್ಲವಾ? ಸ್ಲಿಪ್ ಇರುವ ಶಾಫ್ಟ್ ಬಿಚ್ಚಿ ಸಪಾಟು ನೆಲದಲ್ಲಿ ಮಲಗಿಸಿ, ಒಂದು ತುದಿಯಿಂದ ಕಣ್ಣು ಕಿರಿದು ಮಾಡಿ ನೋಡಿ. ಈ ತುದಿಯ ಕಿವಿಯ ಹಿಂದೆ ಆ ತುದಿಯ ಕಿವಿ ಮರೆಯಾದರೆ ಸಾಮಾನ್ಯವಾಗಿ ಸರಿ. ಮೂರು ಕ್ರಾಸ್ ಇರುವ ಜೋಡಿ ಶಾಫ್ಟ್‌ಗೆ ಒಂದೊಂದು ಮಾಡೆಲ್‌ಗೆ ಒಂದೊಂದು ಜೋಡಣೆ ಇರಬಹುದು, ಅಲ್ಲಿ ಮ್ಯಾನುಯಲ್ ಹೇಳಿದ್ದೇ ಅಂತಿಮ.

ಹುಡುಗನ ಶಾಫ್ಟ್ ಉಜ್ಜಿದಾಗ ಎರಡು ಬಾಣ ಕಂಡವು. ಒಂದು ಮೇಲೆ ನೋಡುತ್ತಿತ್ತು, ಇನ್ನೊಂದು ಪಕ್ಕಕ್ಕೆ.

ಬಾಣ ಸರಿಯಿದ್ದರೆ ಮುಂದೆ ನೋಡಿ. ಟ್ಯೂಬ್ ಮೇಲೆ ವೆಲ್ಡ್ ಮಾಡಿದ ಸಣ್ಣ ಕಬ್ಬಿಣದ ಬಿಲ್ಲೆಗಳಿರುತ್ತವೆ, ಬ್ಯಾಲೆನ್ಸ್ ತೂಕ. ಶಾಫ್ಟ್ ಇಳಿಸುವಾಗ ಬಿದ್ದೋ, ಸುತ್ತಿಗೆ ತಗಲಿಯೋ ಒಂದು ಉದುರಿದರೆ ಅಲ್ಲಿ ಚೌಕದ ಬೋಳು ಕಲೆ ಕಾಣುತ್ತದೆ. ಅಂದಾಜಿನಲ್ಲಿ ಬಿಲ್ಲೆ ಅಂಟಿಸಬೇಡಿ, ಶಾಫ್ಟ್ ಬ್ಯಾಲೆನ್ಸಿಂಗ್ ಮಾಡುವವರ ಹತ್ತಿರ ಒಯ್ಯಿರಿ. ಟ್ಯೂಬಿನಲ್ಲಿ ತಗ್ಗು ಬಿದ್ದಿದ್ದರೂ ಅಷ್ಟೇ. ಕ್ರಷರ್, ಸಿಮೆಂಟ್ ಕೆಲಸದ ಗಾಡಿಗಳಲ್ಲಿ ಶಾಫ್ಟಿಗೆ ಕಾಂಕ್ರೀಟ್ ಹೆಪ್ಪುಗಟ್ಟಿರುತ್ತದೆ. ಅರ್ಧ ಕೆರೆದು ಅರ್ಧ ಬಿಟ್ಟರೆ ಅದೇ ನಡುಕ ತರುತ್ತದೆ.

ಕ್ರಾಸ್ ಹಿಡಿದು ತಿರುಚಿ, ಮೇಲೆ ಕೆಳಗೆ ಎತ್ತಿ. ಸ್ವಲ್ಪವೂ ಆಟ ಇರಬಾರದು. ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯಾ ನೋಡಿ. ಅದರ ಬ್ರ್ಯಾಕೆಟ್ ಕೆಳಗೆ ಪಟ್ಟಿಯೋ ವಾಷರೋ ಇತ್ತಾ, ಅದು ಮೊದಲಿನ ಜಾಗಕ್ಕೇ ಬಂತಾ ಕೇಳಿ. ಕೆಲಸ ಮುಗಿದ ಮೇಲೆ ನೆಲದಲ್ಲಿ ಒಂದು ವಾಷರ್ ಉಳಿದಿದ್ದರೆ ಅದು ಶಾಫ್ಟಿನ ಕೋನವನ್ನೇ ಬದಲಿಸಿರಬಹುದು. ಫ್ಲೇಂಜ್ (ಶಾಫ್ಟ್ ತುದಿಯ ಚಪ್ಪಟೆ ಮುಖ) ಬೋಲ್ಟ್‌ಗಳು ಎಲ್ಲಾ ಒಂದೇ ಸೈಜಾ, ಫ್ಲೇಂಜುಗಳ ನಡುವೆ ಮಣ್ಣು ಸಿಕ್ಕಿಲ್ಲವಾ ನೋಡಿ. ಎಲ್ಲಾ ಸರಿಯಿದ್ದೂ ನಡುಕ ಇದ್ದರೆ ಫ್ಲೇಂಜ್ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂಡಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಆಮೇಲೆ ಮೌಂಟಿಂಗ್. ಗೇರ್‌ಬಾಕ್ಸ್ ಇಳಿಸಿದಾಗ ಎಂಜಿನ್ನಿನ ಹಿಂಭಾಗವನ್ನು ಜಾಕ್ ಮೇಲೆ ನಿಲ್ಲಿಸಿರುತ್ತಾರೆ. ಜಾಕ್ ಜಾಸ್ತಿ ಎತ್ತಿದರೆ ರಬ್ಬರ್ ತಿರುಚಿಕೊಳ್ಳುತ್ತದೆ, ಹಾಗೇ ಬಿಗಿ ಮಾಡಿದರೆ ಎಂಜಿನ್ನಿನ ನಡುಕ ಸೀದಾ ಚಾಸಿಗೆ ಇಳಿಯುತ್ತದೆ. ಮೌಂಟಿಂಗ್ ಬೋಲ್ಟ್ ಸಡಿಲಿಸಿ, ಎಂಜಿನ್ ಒಂದು ನಿಮಿಷ ಐಡಲ್ ಓಡಿಸಿ ಬಂದ್ ಮಾಡಿ, ತಾನಾಗಿ ಕೂತ ಮೇಲೆ ಬಿಗಿ ಮಾಡಿ. ಸೈಲೆನ್ಸರ್ ಪೈಪ್ ಚಾಸಿಗೆ ತಾಗುತ್ತಿದೆಯಾ, ಕ್ಲಾಂಪ್ ಹಾಕಿದ್ದಾರಾ, ಗೇರ್ ಲಿಂಕೇಜ್ ಎಲ್ಲಾದರೂ ಉಜ್ಜುತ್ತಿದೆಯಾ, ಕ್ಯಾಬಿನ್ ಟಿಲ್ಟ್ ಮಾಡಿದ್ದರೆ ಲಾಕ್ ಪೂರ್ತಿ ಬಿದ್ದಿದೆಯಾ, ಇವನ್ನೂ ನೋಡಿ. ತಾಗಿದ ಜಾಗದಲ್ಲಿ ಪೇಂಟ್ ಹೋಗಿ ಹೊಳೆಯುತ್ತಿರುತ್ತದೆ.

ಎಳೆಯುವಾಗ ಮಾತ್ರ ಜಟ್ಕಾ

ಫಸ್ಟ್ ಗೇರ್‌ನಲ್ಲಿ ಕ್ಲಚ್ ಬಿಡುವಾಗ ಗಾಡಿ ಕುದುರೆಯ ಹಾಗೆ ಕುಣಿದು, ಕ್ಲಚ್ ಪೂರ್ತಿ ಕೂತ ಮೇಲೆ ಸುಮ್ಮನಾದರೆ ಅದು ಬೇರೆ ಕಥೆ. ಪ್ಲೇಟಿಗೆ ಎಣ್ಣೆ, ಗ್ರೀಸ್ ತಾಗಿದೆ, ಫ್ಲೈವೀಲ್ ಮೇಲೆ ನೀಲಿ ಸುಟ್ಟ ಕಲೆಗಳಿವೆ, ಅಥವಾ ಮೌಂಟಿಂಗ್ ಇಲ್ಲವೇ ಪಾಟಾದ ಯು-ಬೋಲ್ಟ್ ಸಡಿಲ. ಎಣ್ಣೆ ಬರೋದು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್‌ನಿಂದ ಅಥವಾ ಗೇರ್‌ಬಾಕ್ಸ್ ಮುಂದಿನ ಸೀಲ್‌ನಿಂದ. ಗ್ರೀಸ್ ಬರೋದು ಸ್ಪ್ಲೈನಿಗೆ (ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ) ಬೆಣ್ಣೆ ಬಳಿದಂತೆ ಬಳಿದ ಕೈಯಿಂದ.

ಹೊಸ ಪ್ಲೇಟ್ ಹೊಂದಿಕೊಳ್ಳಲು ಕೆಲವು ನೂರು ಕಿ.ಮೀ. ಬೇಕು, ಅಲ್ಲಿಯವರೆಗೆ ಸಣ್ಣ ಜಟ್ಕಾ ಸಹಜ. ಆದರೆ "ಸೆಟ್ ಹೋ ಜಾಯೇಗಾ" ಅನ್ನುವ ಮಾತು ಈ ಸಣ್ಣ ಜಟ್ಕಾಗೆ ಮಾತ್ರ ಸರಿ. ಓಡುವಾಗಿನ ನಡುಕ ತಾನಾಗಿ ಯಾವತ್ತೂ ಸೆಟ್ ಆಗುವುದಿಲ್ಲ. ಬೇರಿಂಗ್, ಸೀಲ್, ಕ್ರಾಸ್ ತಿಂದೇ ಹೋಗುತ್ತದೆ.

ಇಳಿಸಲೇಬೇಕಾದರೆ

ನಿಂತಲ್ಲೇ ಎಂಜಿನ್ ಜೊತೆ ಏರುವ ನಡುಕ ಇದ್ದರೆ, ಹೊರಗಿನದೆಲ್ಲ ನೋಡಿ ಮುಗಿದರೆ, ಇಳಿಸಿ. ಆದರೆ ನೀವು ಅಲ್ಲೇ ನಿಂತಿರಿ. ಕ್ಲಚ್ ಧೂಳನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ, ಕೆಲವು ಹಳೆ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಪ್ರೆಷರ್ ಪ್ಲೇಟ್ ಬಿಚ್ಚುವ ಮೊದಲೇ ನೋಡಿ. ಅಂಚು ಫ್ಲೈವೀಲಿಗೆ ಸುತ್ತಲೂ ಕೂತಿದೆಯಾ? ಒಂದು ಕಡೆ ಕೂದಲೆಳೆ ಸಂದು ಕಂಡರೂ ಬೋಲ್ಟ್‌ಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡದೆ, ಒಂದೊಂದನ್ನೇ ಪೂರ್ತಿ ಬಿಗಿ ಮಾಡಿದ್ದಾರೆ ಅಂತ ಲೆಕ್ಕ. ಸರಿಯಾದ ಜಾಗದಲ್ಲಿ ಕೂರಿಸುವ ಡೋವೆಲ್ ಪಿನ್ ಇದೆಯಾ ನೋಡಿ. ರಿಪೇರಿ ಮಾಡಿದ ಪ್ರೆಷರ್ ಪ್ಲೇಟಾದರೆ ರಿಲೀಸ್ ಬೇರಿಂಗ್ ಒತ್ತುವ ಅದರ ಬೆರಳುಗಳು ಒಂದೇ ಎತ್ತರ ಇದ್ದಾವಾ ನೋಡಿ. ನನ್ನ ಅನುಭವದಲ್ಲಿ ಉಳಿಸಿದ ದುಡ್ಡು ಇಲ್ಲೇ ವಾಪಸ್ ಹೋಗುತ್ತದೆ. ಹಳೆಯದನ್ನು ಬಿಚ್ಚಿ ಜೋಡಿಸಿದವರು ಬ್ಯಾಲೆನ್ಸ್ ಮಾಡಿಯೇ ಕೊಟ್ಟಿರುತ್ತಾರೆ ಅಂತ ಖಾತ್ರಿ ಇಲ್ಲ.

ಪ್ಲೇಟಿನ ಮೇಲೆ 'ಫ್ಲೈವೀಲ್ ಸೈಡ್' ಅಂತ ಬರೆದಿರುತ್ತದೆ. ಉಲ್ಟಾ ಹಾಕಿಲ್ಲವಲ್ಲ? ಪ್ಲೇಟಿನ ನಡುವಿನ ಹಬ್ ಬಾಗಿದೆಯಾ? ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರವನ್ನು ಇನ್‌ಪುಟ್ ಶಾಫ್ಟ್ ಮೇಲೆ ನೇತು ಬಿಟ್ಟರೆ, ಇಲ್ಲವೇ ಸಂದು ಇರುವಾಗಲೇ ಬೋಲ್ಟ್ ಬಿಗಿ ಮಾಡಿ ಎಳೆದರೆ, ಹೊಸ ಪ್ಲೇಟ್ ಅವತ್ತೇ ಬಾಗುತ್ತದೆ. ಗೇರ್‌ಬಾಕ್ಸ್ ಕೈಯಿಂದ ದೂಡಿದರೆ ಪೂರ್ತಿ ಕೂರಬೇಕು. ಬೋಲ್ಟ್ ಇರೋದು ಹಿಡಿಯಲು, ಎಳೆಯಲು ಅಲ್ಲ.

ಪೈಲಟ್ ಬೇರಿಂಗ್ ಬೆರಳಲ್ಲಿ ತಿರುಗಿಸಿ. ಕರಕರ ಅಂದರೆ ಹೊಸದು ಹಾಕಿ, ಗೇರ್‌ಬಾಕ್ಸ್ ಇಳಿಸುವ ಕೂಲಿ ಮುಂದೆ ಅದರ ಬೆಲೆ ಏನೂ ಅಲ್ಲ.

ಕೊನೆಗೆ ಓರೆ ಅಳೆಯುವ ಡಯಲ್ ಗೇಜ್. ಬ್ಯಾಟರಿ ವೈರ್ ತೆಗೆದು, ಗೇಜನ್ನು ಹೌಸಿಂಗ್ ಮೇಲೆ ಕೂರಿಸಿ, ಮುಳ್ಳನ್ನು ಫ್ಲೈವೀಲ್ ಮುಖದ ಹೊರ ಅಂಚಿಗೆ ತಾಗಿಸಿ ಕೈಯಿಂದ ಒಂದು ಸುತ್ತು ತಿರುಗಿಸಿ. ತಿರುಗಿಸುವಾಗ ಫ್ಲೈವೀಲನ್ನು ಒಂದೇ ಕಡೆಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕ್ರ್ಯಾಂಕಿನ ಹಿಂದೆ ಮುಂದಿನ ಆಟವೇ ಗೇಜಿನಲ್ಲಿ ಬರುತ್ತದೆ. ಭಾರಿ ಗಾಡಿಗಳಿಗೆ ಸಾಮಾನ್ಯವಾಗಿ ಫ್ಲೈವೀಲ್ ಮುಖಕ್ಕೆ 0.20 ಮಿ.ಮೀ., ಪೈಲಟ್ ಬೇರಿಂಗ್ ಕೂರುವ ತೂತಿಗೆ 0.13 ಮಿ.ಮೀ. ಮಿತಿ ಹಿಡಿಯುತ್ತಾರೆ. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ. ಜಾಸ್ತಿ ಬಂದರೆ ಫ್ಲೈವೀಲ್ ಬಿಚ್ಚಿ, ಅದರ ಹಿಂದೆ, ಕ್ರ್ಯಾಂಕಿನ ಮುಖದಲ್ಲಿ ತುಕ್ಕು, ಮಣ್ಣು, ಉಬ್ಬು ಇದೆಯಾ ನೋಡಿ. ಲೇತ್‌ನಲ್ಲಿ ಓರೆ ಹಿಡಿದು ಮುಖ ಹೊಡೆದಿದ್ದರೂ ಹೀಗೇ ಆಗುತ್ತದೆ. ಹೌಸಿಂಗ್ ಮುಖವನ್ನೂ ಒರೆಸಿ, ಡೋವೆಲ್‌ಗಳು ಇದ್ದಾವಾ ಎಣಿಸಿ.

ಹುಡುಗನ ಗಾಡಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಬಾಣ ಕೂಡಿಸಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಅದೇ ರಸ್ತೆಗೆ ಹೋದೆವು. ಐವತ್ತೈದು, ಅರವತ್ತು, ಅರವತ್ತೈದು. ಬಾಟಲಿಯ ನೀರು ರಸ್ತೆಯ ಕುಲುಕಿಗೆ ಮಾತ್ರ ಅಲ್ಲಾಡುತ್ತಿತ್ತು. ವಾಪಸ್ ಬಂದು ಬಿಳಿ ಪೇಂಟ್ ಡಬ್ಬಿ ಕೊಟ್ಟೆ. ಸ್ಲಿಪ್ ಜಾಯಿಂಟಿನ ಎರಡೂ ಕಡೆ ಒಂದು ಗೆರೆ, ಮುಂದಿನ ಫ್ಲೇಂಜ್ ಜೋಡಿಗೆ ಒಂದು, ಹಿಂದಿನದಕ್ಕೆ ಒಂದು. ಮೊಬೈಲಿನಲ್ಲಿ ಫೋಟೋ ತೆಗೆಸಿದೆ. ಉರಣ ಕಡೆ ಒಂದು ಟ್ರಿಪ್ ಹೊಡೆದು ಬಂದ ಮೇಲೆ ಫ್ಲೇಂಜ್ ಬೋಲ್ಟ್, ಸೆಂಟರ್ ಬೇರಿಂಗ್ ಬೋಲ್ಟ್, ಮೌಂಟಿಂಗ್ ಬೋಲ್ಟ್ ಮೂರಕ್ಕೂ ಇನ್ನೊಮ್ಮೆ ಪಾನಾ ಹಾಕು ಅಂತ ಹೇಳಿ ಕಳಿಸಿದೆ.